ಫೆಬ್ರವರಿಯ ಶನಿವಾರ ರಾತ್ರಿ ಎಂಟಕ್ಕೆ ಎಲ್ಲಿರುತ್ತೀಯಾ? ಅಮೆರಿಕದ ಮಿಡ್‌ವೆಸ್ಟ್‌ನ ಆರು ಪುಟ್ಟ ಕಾಲೇಜುಗಳ ಹೋಲಿಕೆ

ಅಕ್ಕನ ಮಗ ಹಾಸನದಿಂದ ವೀಡಿಯೊ ಕಾಲ್ ಮಾಡಿದಾಗ ಅವನ ಕೈಯಲ್ಲೊಂದು ಪಟ್ಟಿ ಇತ್ತು. ಗ್ರಿನೆಲ್, ಕಾರ್ಲ್‌ಟನ್, ಕಾರ್ನೆಲ್, ನಾಕ್ಸ್, ಲಾರೆನ್ಸ್, ಡಿಪಾ. "ಮಾಮ, ಇದರಲ್ಲಿ ಯಾವುದು ಒಳ್ಳೇದು?" ಅಂದ. ಹಿಂದಿನಿಂದ ಭಾವನ ದನಿ ಕೇಳಿಸಿತು, "ಮೊದಲು ರ‍್ಯಾಂಕಿಂಗ್ ಕೇಳೋ." ಆಮೇಲೆ ಪಟ್ಟಿಯ ಮೇಲೆ ಕಣ್ಣು ಹಾಯಿಸಿರಬೇಕು, ದನಿ ಒಮ್ಮೆಲೇ ಏರಿತು. "ಕಾರ್ನೆಲ್ಲೂ ಇದೆಯಲ್ಲೋ! ಮತ್ತೇನು ಯೋಚನೆ?"

ಆ ಕಾರ್ನೆಲ್ ಬೇರೆ, ಈ ಕಾರ್ನೆಲ್ ಬೇರೆ ಅಂತ ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ನ್ಯೂಯಾರ್ಕ್ ರಾಜ್ಯದ ಹೆಸರಾಂತ ಕಾರ್ನೆಲ್ ಯೂನಿವರ್ಸಿಟಿ ಶುರುವಾಗಿದ್ದು 1865ರಲ್ಲಿ. ಅಯೋವಾ ರಾಜ್ಯದ ಮೌಂಟ್ ವರ್ನನ್ ಎಂಬ ಪುಟ್ಟ ಊರಿನ ಗುಡ್ಡದ ಮೇಲಿರುವ ಕಾರ್ನೆಲ್ ಕಾಲೇಜು 1853ರದ್ದು. ವಯಸ್ಸಿನಲ್ಲಿ ಇದೇ ಅಣ್ಣ. ಭಾವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ನಾನಿರುವುದು ಮಿಡ್‌ವೆಸ್ಟ್‌ನಲ್ಲೇ, ಅಂದರೆ ಅಮೆರಿಕದ ಉತ್ತರದ ನಡುಭಾಗದಲ್ಲಿ, ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ನನ್ನ ಮಗಳೂ ಅದೇ ವರ್ಷ ಕಾಲೇಜು ಹುಡುಕುತ್ತಿದ್ದಳು. ಅವಳನ್ನು ಕೂರಿಸಿಕೊಂಡು ಈ ಆರೂ ಊರಿಗೆ ಕಾರು ಓಡಿಸಿದೆ. ಫೋನಿನಲ್ಲಿ ಅಳಿಯನಿಗೂ ತೋರಿಸಿದೆ. ಮೊದಲ ಸುತ್ತು ಅಕ್ಟೋಬರ್‌ನಲ್ಲಿ. ಅದು ತಪ್ಪಾಯಿತು. ಅಕ್ಟೋಬರ್‌ನಲ್ಲಿ ಮಿಡ್‌ವೆಸ್ಟ್‌ನ ಪ್ರತಿಯೊಂದು ಕಾಲೇಜೂ ಚೆಂದ. ಮೇಪಲ್ ಮರ ಕೆಂಪಗೆ ಉರಿಯುತ್ತಿರುತ್ತದೆ, ಹುಲ್ಲಿನ ಮೇಲೆ ಮಕ್ಕಳು ಪುಸ್ತಕ ಹಿಡಿದು ಮಲಗಿರುತ್ತಾರೆ. ಹೆಣ್ಣು ನೋಡಲು ಬರುವವರಿಗಾಗಿ ಮನೆ ಗುಡಿಸಿ ಸಾರಿಸಿ ಇಟ್ಟ ಹಾಗೆ. ಜನವರಿ ಕೊನೆಯಲ್ಲಿ ಎರಡನೇ ಸುತ್ತು ಹೋದೆವು. ನಿಜವಾದ ಹೋಲಿಕೆ ಶುರುವಾಗಿದ್ದು ಅಲ್ಲಿಂದ.

ಯಾಕೆಂದರೆ ಇಲ್ಲಿ ಓದುವ ಹುಡುಗನ ವರ್ಷದ ದೊಡ್ಡ ಪಾಲು ಚಳಿಯಲ್ಲೇ ಕಳೆಯುತ್ತದೆ. ಕಾರು ಇರುವುದಿಲ್ಲ. ಊರು ಚಿಕ್ಕದು. ಹಾಗಿರುವಾಗ ಫೆಬ್ರವರಿಯ ಒಂದು ಶನಿವಾರ ರಾತ್ರಿ ಎಂಟು ಗಂಟೆಗೆ ಅವನು ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ? ಈ ಪ್ರಶ್ನೆಗೆ ಆರು ಕಾಲೇಜೂ ಆರು ಬೇರೆ ಉತ್ತರ ಕೊಡುತ್ತವೆ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಇದಕ್ಕೊಂದು ಕಾಲಮ್ ಇಲ್ಲ.

ಮೊದಲು ಇವು ಯಾರಿಗಲ್ಲ ಅನ್ನುವುದು

ಈ ಆರರಲ್ಲಿ ಪ್ರತಿಯೊಂದರಲ್ಲೂ ಇರುವುದು ಸುಮಾರು ಒಂದರಿಂದ ಎರಡು ಸಾವಿರ ಮಕ್ಕಳು. ಬೆಂಗಳೂರಿನ ಎಷ್ಟೋ ಪಿಯು ಕಾಲೇಜುಗಳಲ್ಲಿ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಲಾರೆನ್ಸ್ ಮತ್ತು ಡಿಪಾ ತಮ್ಮನ್ನು ಯೂನಿವರ್ಸಿಟಿ ಅಂತ ಕರೆದುಕೊಳ್ಳುತ್ತವೆ, ಉಳಿದವು ಕಾಲೇಜು ಅನ್ನುತ್ತವೆ. ವಿದ್ಯಾರ್ಥಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಎಲ್ಲವೂ ಡಿಗ್ರಿ ಮಕ್ಕಳಿಗಾಗಿಯೇ ಇರುವ ಜಾಗಗಳು. ಪಾಠ ಮಾಡುವುದು ಪ್ರೊಫೆಸರೇ, ಪಿಎಚ್‌ಡಿ ಮಾಡುತ್ತಿರುವ ಸಹಾಯಕರು ಬಂದು ಮಾಡುವುದಿಲ್ಲ.

ಎಂಜಿನಿಯರಿಂಗ್ ಬೇಕೇ ಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇಂಥ ಹೆಚ್ಚಿನ ಕಾಲೇಜುಗಳಲ್ಲಿ ಅದಿಲ್ಲ. ಕಂಪ್ಯೂಟರ್ ಸೈನ್ಸ್, ಗಣಿತ, ಜೀವಶಾಸ್ತ್ರ, ಅರ್ಥಶಾಸ್ತ್ರ ಎಲ್ಲ ಇವೆ. ಕ್ರಿಕೆಟ್ ಟೀಮು, ಹತ್ತು ಬಗೆಯ ಇಂಡಿಯನ್ ಹೋಟೆಲು, ಜೊತೆಗೆ ನಲವತ್ತು ಜನ ಕನ್ನಡದವರು ಬೇಕು ಅನ್ನುವವರಿಗೂ ಇವು ಸರಿಹೋಗುವುದಿಲ್ಲ. ನಾನು ಎಂಎಸ್ ಮಾಡಿದ್ದು ಮೂವತ್ತು ಸಾವಿರ ಮಕ್ಕಳ ದೊಡ್ಡ ಸರ್ಕಾರಿ ಯೂನಿವರ್ಸಿಟಿಯಲ್ಲಿ. ಅಲ್ಲಿ ಮೈಸೂರಿನವರೇ ಆರು ಜನ ಇದ್ದೆವು. ಎರಡು ವರ್ಷ ಅಡುಗೆ, ಹರಟೆ, ಇಸ್ಪೀಟು ಎಲ್ಲ ಕನ್ನಡದಲ್ಲೇ ನಡೆಯಿತು. ಆದರೆ ಒಬ್ಬ ಪ್ರೊಫೆಸರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಪುಟ್ಟ ಕಾಲೇಜಿನಲ್ಲಿ ಇದು ಉಲ್ಟಾ. ಎರಡನೇ ವಾರಕ್ಕೆ ಪ್ರೊಫೆಸರಿಗೆ ಹೆಸರು ಗೊತ್ತಿರುತ್ತದೆ. ಮೂರನೇ ವಾರ ಕ್ಲಾಸಿಗೆ ಹೋಗದಿದ್ದರೆ ಅದೂ ಗೊತ್ತಾಗುತ್ತದೆ.

ವರ್ಷವನ್ನು ಹೇಗೆ ಕತ್ತರಿಸಿದ್ದಾರೆ?

ನಮ್ಮ ಜನ ಕ್ಯಾಲೆಂಡರ್ ನೋಡುವುದೇ ಇಲ್ಲ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಅದನ್ನೇ. ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ, ಯಾವಾಗ ಅಳುತ್ತಾರೆ, ಯಾವಾಗ ಊರಿಗೆ ಬರಬಹುದು ಎಲ್ಲ ಅದರ ಮೇಲೇ ನಿಂತಿದೆ.

ಕಾರ್ನೆಲ್ ಕಾಲೇಜಿನದು ಈ ಆರರಲ್ಲೇ ವಿಚಿತ್ರ. 1978ರಿಂದ ಅಲ್ಲಿ ಒಂದು ಸಲಕ್ಕೆ ಒಂದೇ ವಿಷಯ. 18 ದಿನ ಬೆಳಿಗ್ಗೆ ಮಧ್ಯಾಹ್ನ ಅದೊಂದೇ ಪಾಠ. ಪರೀಕ್ಷೆ ಬರೆದರೆ ಆ ವಿಷಯ ಮುಗಿಯಿತು. ಬುಧವಾರ ಮುಗಿದರೆ ಸೋಮವಾರದವರೆಗೆ ರಜೆ, ಆಮೇಲೆ ಇನ್ನೊಂದು ವಿಷಯ. ಇದನ್ನು ಬ್ಲಾಕ್ ಅನ್ನುತ್ತಾರೆ. ಬೇರೆ ಯಾವ ಕ್ಲಾಸೂ ಇಲ್ಲದಿರುವುದರಿಂದ ಭೂಗರ್ಭಶಾಸ್ತ್ರದವರನ್ನು ಇಡೀ ಕ್ಲಾಸಿನ ಸಮೇತ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದು. ಯಾರಿಗೂ ಏನೂ ತಪ್ಪುವುದಿಲ್ಲ. ಒಂದರ ಮೇಲೊಂದು ಐದು ಪರೀಕ್ಷೆ ಬೀಳುವ ವಾರವೂ ಇಲ್ಲ.

ಕೇಳಲು ಸೊಗಸಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ಬೇರೆ ಕಡೆ ಹದಿನೈದು ವಾರದಲ್ಲಿ ಮಾಡುವುದನ್ನು ಇಲ್ಲಿ 18 ದಿನದಲ್ಲಿ ಮಾಡುತ್ತಾರೆ. ಒಂದು ದಿನ ಜ್ವರ ಬಂದು ಮಲಗಿದರೆ ಹೆಚ್ಚುಕಮ್ಮಿ ಒಂದು ವಾರದ ಪಾಠ ಹೋಯಿತು. ಕತೆ ಬರೆಯುವ ಕ್ಲಾಸೋ ಇತಿಹಾಸವೋ ಆದರೆ ಮುಳುಗಿ ಏಳಬಹುದು. ಗಣಿತ ಮಾತ್ರ ಇಡ್ಲಿ ಹಿಟ್ಟಿನ ಹಾಗೆ, ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬಬೇಕು. ಅದಕ್ಕೆ ಇಷ್ಟು ಅವಸರ ಸಲ್ಲದು ಅನ್ನುವುದು ನನ್ನ ಅಭಿಪ್ರಾಯ. ಮಗಳು ಒಪ್ಪುವುದಿಲ್ಲ. "ಅಪ್ಪ, ನೀನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದವನು, ನಿಂಗ್ಯಾಕೆ ಈ ಮಾತು" ಅಂತಾಳೆ.

ಮಿನ್ನೆಸೋಟಾದ ಕಾರ್ಲ್‌ಟನ್‌ನಲ್ಲಿ ವರ್ಷಕ್ಕೆ ಮೂರು ಟರ್ಮು. ಒಂದೊಂದೂ ಹತ್ತು ವಾರ, ಒಂದೊಂದರಲ್ಲೂ ಮೂರು ವಿಷಯ. ಹತ್ತು ವಾರ ಅಂದರೆ ಐದನೇ ವಾರಕ್ಕೆ ಮಿಡ್‌ಟರ್ಮು ಬಂದು ತಲೆ ಮೇಲೆ ಕೂತಿರುತ್ತದೆ. ಅಲ್ಲಿನ ಮಕ್ಕಳನ್ನು ಹೇಗಿದ್ದೀರಾ ಅಂತ ಕೇಳಿದರೆ "ಇದು ಆರನೇ ವಾರ" ಅನ್ನುತ್ತಾರೆ. ಉತ್ತರ ಅಷ್ಟೇ. ನೀವೇ ಅರ್ಥ ಮಾಡಿಕೊಳ್ಳಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಎಲ್ಲರೂ ಕಿಟಕಿ ತೆಗೆದು ಒಟ್ಟಿಗೆ ಕಿರುಚುವ ಸಂಪ್ರದಾಯವೂ ಇದೆ. ಅದಕ್ಕೊಂದು ಹೆಸರೂ ಇದೆ, ಪ್ರೈಮಲ್ ಸ್ಕ್ರೀಮ್.

ಆದರೆ ಕರ್ನಾಟಕದಿಂದ ಬರುವ ಮಗುವಿಗೆ ಇದರಲ್ಲೊಂದು ದೊಡ್ಡ ಲಾಭವಿದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮೊದಲ ಟರ್ಮು ಮುಗಿಯುತ್ತದೆ. ಮತ್ತೆ ಕಾಲೇಜು ತೆಗೆಯುವುದು ಜನವರಿಯಲ್ಲಿ. ಸುಮಾರು ಆರು ವಾರ. ಅಷ್ಟೊಂದು ದುಡ್ಡು ಕೊಟ್ಟು ಟಿಕೆಟ್ ತೆಗೆಸಿದ್ದಕ್ಕೆ ಸಾರ್ಥಕ ಅನ್ನಿಸುವಷ್ಟು ದಿನ ಮನೆಯಲ್ಲಿರಬಹುದು. ಸೆಮಿಸ್ಟರ್ ಕಾಲೇಜಾದರೆ ಡಿಸೆಂಬರ್ ಮಧ್ಯದಲ್ಲಿ, ವಿಮಾನದ ದರ ಗಗನದಲ್ಲಿರುವಾಗ, ಎಲ್ಲರೂ ಒಟ್ಟಿಗೆ ಹೊರಡಬೇಕು. ವಿಸ್ಕಾನ್ಸಿನ್‌ನ ಲಾರೆನ್ಸ್‌ನಲ್ಲೂ ಹತ್ತು ವಾರದ ಟರ್ಮುಗಳೇ.

ಗ್ರಿನೆಲ್ ಮತ್ತು ಡಿಪಾ ನಮಗೆ ಗೊತ್ತಿರುವ ಸೆಮಿಸ್ಟರ್ ಪದ್ಧತಿಯವು. ಗ್ರಿನೆಲ್‌ನ ವಿಶೇಷ ಬೇರೆಯದು. ಅಲ್ಲಿ ಎಲ್ಲರಿಗೂ ಕಡ್ಡಾಯವಾದ ಕೋರ್ಸ್ ಒಂದೇ ಒಂದು, ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್ ಎಂಬ ಪುಟ್ಟ ಚರ್ಚೆಯ ಕ್ಲಾಸು. ಮಿಕ್ಕಿದ್ದೆಲ್ಲ ಮೇಜರ್‌ಗೆ, ಅಂದರೆ ಆರಿಸಿಕೊಂಡ ಮುಖ್ಯ ವಿಷಯಕ್ಕೆ, ಬೇಕಾದ್ದು ಮತ್ತು ನಿಮ್ಮಿಷ್ಟ. ಏನು ತೆಗೆದುಕೊಳ್ಳಬೇಕು ಅಂತ ಯಾರಾದರೂ ಹೇಳಿದರೆ ಮಾತ್ರ ಓದುವ ಮಕ್ಕಳಿಗೆ ಇಷ್ಟು ಸ್ವಾತಂತ್ರ್ಯ ಭಾರವಾಗುತ್ತದೆ. ಲಾರೆನ್ಸ್‌ನಲ್ಲಿ ಇದಕ್ಕೆ ಸರಿ ಎದುರು. ಹೊಸದಾಗಿ ಸೇರಿದವರೆಲ್ಲ ಒಂದೇ ಪಟ್ಟಿಯ ಪುಸ್ತಕಗಳನ್ನು ಓದಬೇಕು, ಆ ಪದ್ಧತಿ ಶುರುವಾಗಿದ್ದು 1945ರಲ್ಲಿ. ಇದು ಓದಿನ ವಿಷಯ ಅಂತ ಕಾಣುತ್ತದೆ, ಆದರೆ ಪ್ರಯೋಜನ ಆಗುವುದು ಊಟದ ಹಾಲಿನಲ್ಲಿ. ಯಾರ ಎದುರು ತಟ್ಟೆ ಇಟ್ಟರೂ ಮಾತಿಗೊಂದು ವಿಷಯ ಇರುತ್ತದೆ. ಹೊಸ ಊರಿಗೆ ಬಂದ, ಬಾಯಿ ಬಿಡಲು ಹೆದರುವ ಹುಡುಗನಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಗೊತ್ತು.

ಇನ್ನು ಆ ಶನಿವಾರ ರಾತ್ರಿ

ಮೊದಲು ಕಾರ್ಲ್‌ಟನ್. ಊರಿನ ಹೆಸರು ನಾರ್ತ್‌ಫೀಲ್ಡ್. ಊರಿನವರ ಘೋಷವಾಕ್ಯ "ಹಸು, ಕಾಲೇಜು, ನೆಮ್ಮದಿ". ಕಾರಿಂದ ಇಳಿದ ಕೂಡಲೇ ಮೂಗಿಗೆ ಬಿಸಿ ಗಂಜಿಯಂಥ, ಸ್ವಲ್ಪ ಸಿಹಿ ವಾಸನೆ ಬಡಿಯಿತು. ಮಾಲ್ಟ್-ಓ-ಮೀಲ್ ಎಂಬ ಧಾನ್ಯದ ತಿಂಡಿಯ ಫ್ಯಾಕ್ಟರಿ ಅಲ್ಲೇ ಇದೆ. ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್. ಮೂಗಿನೊಳಗಿನ ಕೂದಲು ಗಟ್ಟಿಯಾಗುವುದು ಗೊತ್ತಾಗುತ್ತದೆ. ಕ್ಯಾಂಪಸ್ಸಿನ ನಡುವಿನ ಬಯಲಿಗೆ ಬಾಲ್ಡ್ ಸ್ಪಾಟ್ ಅಂತ ಹೆಸರು. ಚಳಿಗಾಲದಲ್ಲಿ ಅದಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಜಾರುಬಯಲು ಮಾಡುತ್ತಾರೆ. ನಾವು ಹೋದಾಗ ಮಕ್ಕಳು ಅದರ ಮೇಲೆ ಸ್ಕೇಟ್ಸ್ ಇಲ್ಲದೆ ಬರೀ ಶೂನಲ್ಲಿ ಬೀಳುತ್ತಾ ಏಳುತ್ತಾ ಬ್ರೂಮ್‌ಬಾಲ್ ಎಂಬ ಹಾಕಿಯಂಥ ಆಟ ಆಡುತ್ತಿದ್ದರು. ಮಂಜಿನ ಮೇಲೆ ನಮ್ಮೂರಿನ ಚಿನ್ನಿದಾಂಡಿನ ಗಲಾಟೆ ನೋಡಿದ ಹಾಗಿತ್ತು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ಮರದ ಮನೆ. ಡೇಸಿ ಮೋಸಸ್ ಎಂಬ ಅಜ್ಜಿ ಬದುಕಿದ್ದಷ್ಟು ಕಾಲವೂ ವಿದ್ಯಾರ್ಥಿಗಳಿಗಾಗಿ ಆ ಮನೆಯ ಬಾಗಿಲು ತೆರೆದಿಟ್ಟಿದ್ದರು. 1981ರಲ್ಲಿ ತೀರಿಕೊಂಡಾಗ ಮನೆ ಕಾಲೇಜಿಗೆ ಹೋಯಿತು. ಇವತ್ತಿಗೂ ಯಾರು ಬೇಕಾದರೂ ಒಳಗೆ ಹೋಗಿ ಕುಕೀ ಮಾಡಿಕೊಳ್ಳಬಹುದು. ಹಿಟ್ಟು, ಬೆಣ್ಣೆ, ಸಕ್ಕರೆ ಎಲ್ಲ ಅಲ್ಲೇ ಇರುತ್ತದೆ. ದುಡ್ಡಿಲ್ಲ, ರಿಜಿಸ್ಟರಿಲ್ಲ. ಒಬ್ಬಳು ಹುಡುಗಿ ಓವನ್ ಮುಂದೆ ನೆಲದ ಮೇಲೆ ಕೂತು ಕೆಮಿಸ್ಟ್ರಿ ಓದುತ್ತಿದ್ದಳು. ಪಾತ್ರೆ ತೊಳೆದಿಟ್ಟು ಹೋಗಬೇಕು ಅನ್ನುವುದೊಂದೇ ನಿಯಮ ಅಂದಳು. ನಮ್ಮ ಕೈಗೂ ಎರಡೆರಡು ಕುಕೀ ಕೊಟ್ಟಳು. ಮಗಳು ಆಮೇಲೆ ಕಾರಿನಲ್ಲಿ ಅರ್ಧ ಗಂಟೆ ಮಾತಾಡಲಿಲ್ಲ. ಯೋಚನೆ ಮಾಡುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.

ಅಂದ ಹಾಗೆ, ನಮ್ಮ ಎ.ಕೆ. ರಾಮಾನುಜನ್ ಕೂಡ ಕೆಲಕಾಲ ಈ ಕಾರ್ಲ್‌ಟನ್‌ನಲ್ಲಿ ಪಾಠ ಮಾಡಿದವರು. ಷಿಕಾಗೋ ಅವರ ಕಾಯಂ ಜಾಗವಾಗಿತ್ತು, ಇಲ್ಲಿಗೆ ಅತಿಥಿಯಾಗಿ ಬಂದಿದ್ದರು.

ಲಾರೆನ್ಸ್ ಇರುವುದು ಆಪಲ್ಟನ್ ಎಂಬ ಊರಿನಲ್ಲಿ. ಈ ಆರರಲ್ಲಿ ಊರು ಅಂತ ಕರೆಯಬಹುದಾದ್ದು ಇದೇ, ಸುಮಾರು 75,000 ಜನ. ಕ್ಯಾಂಪಸ್ ಗೇಟು ದಾಟಿದರೆ ಪೇಟೆ ಬೀದಿ. ಕಾಲೇಜಿನ ಒಳಗೇ ಸಂಗೀತ ಶಾಲೆ ಇದೆ. ಹಾಗಾಗಿ ಶನಿವಾರ ರಾತ್ರಿ ಎಂಟಕ್ಕೆ ಯಾರದೋ ಕಛೇರಿ ಇದ್ದೇ ಇರುತ್ತದೆ. ಗೆಳತಿಯ ಚೆಲ್ಲೋ ಕಛೇರಿಗೆ ಬಯಾಲಜಿ ಓದುವವರು ಹೋಗಿ ಕೂರುತ್ತಾರೆ. ಜನವರಿಯಲ್ಲಂತೂ ಒಂದು ವಾರಾಂತ್ಯ ಇಡೀ ಕ್ಯಾಂಪಸ್ ನಿದ್ದೆ ಬಿಡುತ್ತದೆ. 1966ರಿಂದ ನಡೆಯುತ್ತಿರುವ ಟ್ರಿವಿಯಾ ಸ್ಪರ್ಧೆ, ಸತತ 50 ಗಂಟೆ ಕ್ವಿಜ್. ಶುಕ್ರವಾರ ರಾತ್ರಿ ಹತ್ತು ಗಂಟೆ 37 ಸೆಕೆಂಡಿಗೆ ಶುರು. ಆ 37 ಸೆಕೆಂಡು ಯಾಕೆ ಅಂತ ಕೇಳಬೇಡಿ, ಇಂಥ ಹುಚ್ಚಿಗೆಲ್ಲ ಕಾರಣ ಹುಡುಕಬಾರದು. ನನ್ನ ಮಗಳಿಗೆ ಏಳು ವರ್ಷದಿಂದ ವಯಲಿನ್ ಪಾಠ, ಆದರೆ ಸಂಗೀತವನ್ನೇ ವೃತ್ತಿ ಮಾಡಿಕೊಳ್ಳುವ ಆಸೆ ಇಲ್ಲ. ಅಂಥ ಅರೆಮನಸ್ಸಿನ ಸಂಗೀತಗಾರರಿಗೆ ಇದಕ್ಕಿಂತ ಒಳ್ಳೇ ಜಾಗ ನನಗೆ ಕಾಣಲಿಲ್ಲ.

ಇಂಡಿಯಾನಾದ ಡಿಪಾ ಪೂರ್ತಿ ಬೇರೆ ಲೋಕ. ಇದನ್ನು ಹೇಳುವ ಮೊದಲು ಗ್ರೀಕ್ ಮನೆ ಅಂದರೇನು ಅಂತ ಹೇಳಬೇಕು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಸಂಘಗಳಿವೆ. ಹುಡುಗರದ್ದು ಫ್ರಾಟರ್ನಿಟಿ, ಹುಡುಗಿಯರದ್ದು ಸೊರಾರಿಟಿ. ನಮ್ಮ ಹಳೇ ಕಾಲದ ಜಾತಿ ಹಾಸ್ಟೆಲುಗಳನ್ನು ನೆನಪಿಸಿಕೊಳ್ಳಿ, ಜಾತಿ ಬಿಟ್ಟು. ತಮ್ಮದೇ ಮನೆ, ತಮ್ಮದೇ ಅಡುಗೆಯವರು, ತಮ್ಮದೇ ಗುಟ್ಟುಗಳು, ಮತ್ತು ಸಾಯುವವರೆಗೂ ಬಿಡದ ನಂಟು. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದನ್ನು ಒಳಗಿರುವವರೇ ತೀರ್ಮಾನಿಸುತ್ತಾರೆ. ಡಿಪಾದಲ್ಲಿ ಬಹಳ ಕಾಲದಿಂದ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇಂಥದ್ದೊಂದಕ್ಕೆ ಸೇರಿದವರೇ. ಕಪ್ಪಾ ಆಲ್ಫಾ ಥೀಟಾ ಎಂಬ ಹೆಂಗಸರ ಹಳೇ ಸಂಘ ಹುಟ್ಟಿದ್ದೇ ಈ ಕ್ಯಾಂಪಸ್ಸಿನಲ್ಲಿ, 1870ರಲ್ಲಿ. ಅಲ್ಲಿ ಶನಿವಾರ ರಾತ್ರಿಯ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಯೇ ಇಲ್ಲ. ಯಾವ ಮನೆಯಲ್ಲಿ ಪಾರ್ಟಿ ಅನ್ನುವುದಷ್ಟೇ ಪ್ರಶ್ನೆ.

ಇದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೆಲಸ ಹುಡುಕುವಾಗ ಇಪ್ಪತ್ತು ವರ್ಷ ಹಿಂದಿನ ಅಣ್ಣಂದಿರು ಫೋನ್ ಎತ್ತುತ್ತಾರೆ, ಅದು ಸಣ್ಣ ವಿಷಯವಲ್ಲ. ಆದರೆ ಕುಡಿಯದ, ಗಲಾಟೆ ಬೇಡದ ಹುಡುಗ ಸೇರುವ ಮುಂಚೆ ಒಂದು ವಾರಾಂತ್ಯ ಅಲ್ಲೇ ಉಳಿದು ನೋಡಬೇಕು. ಕಾನೂನು ಪ್ರಕಾರ ಕುಡಿಯಲು 21 ವರ್ಷ ಆಗಿರಬೇಕು. ಕಾಲೇಜು ಯಾವುದೇ ಇರಲಿ, ಈ ಕಾನೂನು ಎಷ್ಟು ನಡೆಯುತ್ತದೆ ಅಂತ ಪೋಷಕರ ಎದುರು ಯಾರೂ ಹೇಳುವುದಿಲ್ಲ.

ಡಿಪಾದ ನಿಜವಾದ ಹಬ್ಬ ಇರುವುದು ನವೆಂಬರ್‌ನಲ್ಲಿ. ಪಕ್ಕದ ಊರಿನ ವಾಬಾಷ್ ಕಾಲೇಜಿನ ಜೊತೆ ಅಮೆರಿಕನ್ ಫುಟ್‌ಬಾಲ್. ವಾಬಾಷ್ ಇವತ್ತಿಗೂ ಹುಡುಗರಿಗೆ ಮಾತ್ರ. ಈ ಪಂದ್ಯ 1890ರಿಂದ ನಡೆಯುತ್ತಿದೆ. 1932ರಿಂದ ಗೆದ್ದವರಿಗೆ ರೈಲ್ವೆ ಎಂಜಿನ್ನಿನ ಒಂದು ಹಳೇ ಗಂಟೆ ಸಿಗುತ್ತದೆ, ಮೊನಾನ್ ಬೆಲ್. ಸೋತವರು ಅದನ್ನು ಕದಿಯಲು ನೋಡುತ್ತಾರೆ. 1965ರಲ್ಲಿ ಒಬ್ಬ ವಾಬಾಷ್ ಹುಡುಗ ಮೆಕ್ಸಿಕೋ ದೇಶದ ಅಧಿಕಾರಿಯ ವೇಷ ಹಾಕಿಕೊಂಡು ಡಿಪಾ ಅಧ್ಯಕ್ಷರ ಹತ್ತಿರವೇ ಬಂದ. ಕ್ಯಾಂಪಸ್ ಬಗ್ಗೆ ಮಾತಾಡುತ್ತಾ ಗಂಟೆ ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ ಅವರ ಬಾಯಿಂದಲೇ ತಿಳಿದುಕೊಂಡ. ಆಮೇಲೆ ಗಂಟೆ ಮಾಯ. ಅಳಿಯನಿಗೆ ಈ ಕತೆ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. "ಮಾಮ, ನಾನು ವಾಬಾಷ್‌ಗೆ ಹೋಗ್ಲಾ?" ಅಂದ. ಹುಡುಗಿಯರಿಲ್ಲ ಅಂದೆ. ಮಾತು ಅಲ್ಲಿಗೇ ನಿಂತಿತು.

ಗ್ರಿನೆಲ್ ಮತ್ತು ಕಾರ್ಲ್‌ಟನ್‌ನಲ್ಲಿ ಇಂಥ ಸಂಘಗಳೇ ಇಲ್ಲ. ಉಳಿದ ಮೂರರಲ್ಲಿ ಇವೆ, ಆದರೆ ಕ್ಯಾಂಪಸ್ ಅವರ ಕೈಯಲ್ಲಿಲ್ಲ.

ಗ್ರಿನೆಲ್ ಅಯೋವಾದ ಜೋಳದ ಹೊಲಗಳ ನಡುವೆ ಇದೆ. ಊರಿನ ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ಕ್ಯಾಂಪಸ್ಸಿನೊಳಗೇ ಗೂಡ್ಸ್ ರೈಲಿನ ಹಳಿ ಹಾದುಹೋಗುತ್ತದೆ. ನಮ್ಮನ್ನು ಸುತ್ತಾಡಿಸುತ್ತಿದ್ದ ಹುಡುಗ ಮಾತು ನಡುವೆಯೇ ನಿಲ್ಲಿಸಿ, ಬೋಗಿಗಳು ಮುಗಿಯುವವರೆಗೂ ಕೈಕಟ್ಟಿ ನಿಂತ. ಆಮೇಲೆ ಅದೇ ವಾಕ್ಯದಿಂದ ಮುಂದುವರಿಸಿದ. ಅಲ್ಲಿ ಸೆಲ್ಫ್ ಗವರ್ನೆನ್ಸ್ ಅನ್ನುವ ಮಾತು ಪ್ರತಿಯೊಬ್ಬರ ಬಾಯಲ್ಲೂ ಬರುತ್ತದೆ. ಪಕ್ಕದ ರೂಮಿನವನು ಗದ್ದಲ ಮಾಡಿದರೆ ವಾರ್ಡನ್‌ಗೆ ದೂರು ಕೊಡುವ ಮೊದಲು ನೀನೇ ಹೋಗಿ ಮಾತಾಡು ಅನ್ನುವ ರೀತಿ. ನಮ್ಮ ಮಕ್ಕಳಿಗೆ ಇದು ಕಷ್ಟ. ಒಂದೋ ಸಹಿಸಿಕೊಳ್ಳುತ್ತಾರೆ, ಇಲ್ಲ ಅಮ್ಮನಿಗೆ ಫೋನ್ ಮಾಡುತ್ತಾರೆ. ಅಲ್ಲಿನ ಮಕ್ಕಳು ರಾಜಕೀಯದಲ್ಲೂ ಹಿಂದೆ ಬೀಳುವವರಲ್ಲ. ಊಟದ ಹಾಲಿನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು 2016ರಲ್ಲಿ ಯೂನಿಯನ್ನೇ ಕಟ್ಟಿಕೊಂಡರು.

ಅಲ್ಲಿ ಓದಿದ ಒಬ್ಬನ ಕತೆ ಬೆಂಗಳೂರಿನವರಿಗೆ ಇಷ್ಟವಾಗಬಹುದು. 1948ರಲ್ಲಿ ಹಾಸ್ಟೆಲಿನ ಪಾರ್ಟಿಗೆ ಅಂತ ಒಬ್ಬ ವಿದ್ಯಾರ್ಥಿ ಪಕ್ಕದ ಹೊಲದಿಂದ ಹಂದಿ ಕದ್ದ. ಅಯೋವಾದಲ್ಲಿ ಹಂದಿ ಕದಿಯುವುದು ತಮಾಷೆಯ ಮಾತಲ್ಲ. ಒಂದು ಸೆಮಿಸ್ಟರ್ ಹೊರಗೆ ಹಾಕಿದರು. ಅವನ ಭೌತಶಾಸ್ತ್ರದ ಮೇಷ್ಟ್ರು ಗ್ರಾಂಟ್ ಗೇಲ್ ಹುಡುಗನನ್ನು ಕೈಬಿಡಲಿಲ್ಲ. ಆಗಷ್ಟೇ ಕಂಡುಹಿಡಿದಿದ್ದ ಟ್ರಾನ್ಸಿಸ್ಟರನ್ನು ಬೆಲ್ ಲ್ಯಾಬ್ಸ್‌ನಿಂದ ತರಿಸಿ ಕ್ಲಾಸಿನಲ್ಲಿ ತೋರಿಸಿದ್ದೂ ಅವರೇ. ಆ ಹಂದಿ ಕಳ್ಳ ರಾಬರ್ಟ್ ನಾಯ್ಸ್ ಮುಂದೆ ಇಂಟೆಲ್ ಕಟ್ಟಿದವರಲ್ಲಿ ಒಬ್ಬ. ಪುಟ್ಟ ಕಾಲೇಜಿನಲ್ಲಿ ಮೇಷ್ಟ್ರಿಗೆ ಹೆಸರು ಗೊತ್ತಿರುವುದರಿಂದ ಏನು ಲಾಭ ಅಂತ ಭಾವ ಕೇಳಿದಾಗ ನಾನು ಇದನ್ನೇ ಹೇಳಿದ್ದು.

ಕಾರಿಲ್ಲದವನಿಗೆ ಊರು

ಈ ಒಂದು ವಿಷಯದಲ್ಲಿ ನಾಕ್ಸ್ ಎಲ್ಲರನ್ನೂ ಹಿಂದೆ ಹಾಕುತ್ತದೆ. ಅದಿರುವ ಗೇಲ್ಸ್‌ಬರ್ಗ್ ನಮ್ಮ ಮನೆಯಿಂದ ಒಂದು ಗಂಟೆಯೂ ಇಲ್ಲ, ರೈಲ್ವೆ ಜಂಕ್ಷನ್ ಊರು. ನಮ್ಮ ಅರಸೀಕೆರೆ ಇದ್ದ ಹಾಗೆ ಅಂತ ಅಳಿಯನಿಗೆ ಹೇಳಿದೆ, ತಕ್ಷಣ ಅರ್ಥವಾಯಿತು. ಷಿಕಾಗೋದಿಂದ ಪಶ್ಚಿಮಕ್ಕೆ ಹೋಗುವ ಆಮ್‌ಟ್ರ್ಯಾಕ್ ರೈಲುಗಳು ಅಲ್ಲಿ ನಿಲ್ಲುತ್ತವೆ. ಮೂರು ಗಂಟೆಯೊಳಗೆ ಷಿಕಾಗೋ. ಅಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಇದೆ, ಅಕ್ಕಪಕ್ಕದ ಲೆಮಾಂಟ್ ಮತ್ತು ಅರೋರಾದಲ್ಲಿ ದೇವಸ್ಥಾನಗಳಿವೆ. ಯುಗಾದಿಗೆ ಹೋಳಿಗೆ ತಿನ್ನಬೇಕು ಅಂದರೆ ಯಾರನ್ನೂ ಕಾರು ಕೇಳಬೇಕಾಗಿಲ್ಲ.

ಗ್ರೀನ್‌ಕ್ಯಾಸಲ್‌ನ ಡಿಪಾದಿಂದ ಇಂಡಿಯಾನಾಪೊಲಿಸ್‌ಗೆ ಸುಮಾರು 70 ಕಿಲೋಮೀಟರು, ಕಾರ್ಲ್‌ಟನ್‌ನಿಂದ ಮಿನಿಯಾಪೊಲಿಸ್‌ಗೂ ಹೆಚ್ಚುಕಮ್ಮಿ ಅಷ್ಟೇ. ಗ್ರಿನೆಲ್‌ನಿಂದ ಡೆ ಮಾಯ್ನ್ ನಗರಕ್ಕೆ 90 ಕಿಲೋಮೀಟರು. ನಕ್ಷೆಯಲ್ಲಿ ಎಲ್ಲ ಹತ್ತಿರವೇ. ಆದರೆ ಹಿಮ ಬಿದ್ದ ದಿನ 70 ಕಿಲೋಮೀಟರು ಅಂದರೆ ಗೆಳೆಯನ ಮನೆಯವರು ಬಂದು ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾಕ್ಸ್‌ನ ಓಲ್ಡ್ ಮೇನ್ ಕಟ್ಟಡದ ಒಂದು ಕಿಟಕಿಯ ಮುಂದೆ ಎಲ್ಲರನ್ನೂ ನಿಲ್ಲಿಸುತ್ತಾರೆ. 1858ರ ಅಕ್ಟೋಬರ್ 7ರಂದು, ಸೆನೆಟ್ ಸ್ಥಾನಕ್ಕೆ ಎದುರಾಳಿಗಳಾಗಿದ್ದ ಲಿಂಕನ್ ಮತ್ತು ಡಗ್ಲಸ್ ನಡುವಿನ ಐದನೇ ವಾದ ನಡೆದದ್ದು ಆ ಗೋಡೆಯ ಪಕ್ಕದಲ್ಲಿ. ವೇದಿಕೆ ಬಾಗಿಲಿಗೆ ಅಡ್ಡ ಬಂದಿದ್ದರಿಂದ ಇಬ್ಬರೂ ಕಿಟಕಿ ಹತ್ತಿ ಇಳಿದರಂತೆ. ಕೊನೆಗೂ ನಾನು ಕಾಲೇಜಿನ ಒಳಗೆ ಹಾದು ಬಂದೆ ಅಂತ ಲಿಂಕನ್ ನಕ್ಕರು ಅನ್ನುತ್ತಾರೆ. ಅಲ್ಲಿನ ಮಕ್ಕಳಿಗೆ ಲಿಂಕನ್‌ಗಿಂತ ಹೆಚ್ಚು ಪ್ರೀತಿ ಫ್ಲಂಕ್ ಡೇ ಮೇಲೆ. ವಸಂತದ ಒಂದು ದಿನ, ಯಾವ ದಿನ ಅಂತ ಮೊದಲೇ ಹೇಳುವುದಿಲ್ಲ, ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಿ ಇವತ್ತು ಕ್ಲಾಸಿಲ್ಲ ಅನ್ನುತ್ತಾರೆ. ಇಡೀ ದಿನ ಆಟ, ಊಟ, ಕೆಸರು. ಏಪ್ರಿಲ್ ಬಂತೆಂದರೆ ನಾಳೆಯೇ ಇರಬಹುದು ಅಂತ ಎಲ್ಲರೂ ಅಂದಾಜು ಕಟ್ಟುವುದೇ ಅರ್ಧ ಮಜಾ.

ಅನ್ನ, ರೂಮು, ದುಡ್ಡು

ಸಸ್ಯಾಹಾರಕ್ಕೆ ಈಗ ಎಲ್ಲಾ ಕಡೆ ಏನಾದರೂ ಇರುತ್ತದೆ. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಲಾಡ್ ಇಟ್ಟಿರುವ ಕಡೆ ಸಪ್ಪೆ ಮೊಸರಿದೆಯಾ ಅಂತ ಮಾತ್ರ ನೋಡಿ. ಇದ್ದರೆ ಅನ್ನ, ಮೊಸರು, ಸೌತೆಕಾಯಿ, ಊರಿಂದ ತಂದ ಉಪ್ಪಿನಕಾಯಿ, ನಾಲ್ಕು ವರ್ಷ ಬದುಕಬಹುದು. ವೆನಿಲಾ ಮೊಸರು ಮಾತ್ರ ಇದ್ದರೆ ಕಷ್ಟ.

ಹಾಸ್ಟೆಲ್ ನಿಯಮ ಮಾತ್ರ ಸಾಲು ಸಾಲು ಓದಿ. ನಮ್ಮ ಪರಿಚಯದವರ ಮಗ ಓದುತ್ತಿದ್ದ ಒಂದು ಕಾಲೇಜಿನಲ್ಲಿ (ಈ ಆರರಲ್ಲಿ ಯಾವುದೂ ಅಲ್ಲ) ರೂಮಿನಲ್ಲಿ ರೈಸ್ ಕುಕ್ಕರ್ ಇಡುವ ಹಾಗಿರಲಿಲ್ಲ. ಅವನು ಮಂಚದ ಕೆಳಗೆ ಬಚ್ಚಿಟ್ಟಿದ್ದ. ಅದು ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದಿದ್ದು ಒಗ್ಗರಣೆ. ಎಲ್ಲರಿಗೂ ಅಂತ ಇದ್ದ ಅಡುಗೆಮನೆಯಲ್ಲಿ ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕಿದ. ಫೈರ್ ಅಲಾರ್ಮ್ ಹೊಡೆದುಕೊಂಡಿತು. ಇನ್ನೂರು ಮಕ್ಕಳು ಚಪ್ಪಲಿಯಲ್ಲೇ ಹಿಮದಲ್ಲಿ ನಿಂತರು. ಅದೇ ಕಾಲೇಜು ಡಿಸೆಂಬರ್ ರಜೆಗೆ ಹಾಸ್ಟೆಲ್ ಪೂರ್ತಿ ಮುಚ್ಚುತ್ತದೆ ಅಂತ ಹೊರದೇಶದ ಮಕ್ಕಳಿಗೆ ಹೇಳಿದ್ದು ಎಂಟು ದಿನ ಮುಂಚೆ, ಒಂದು ಈಮೇಲಿನಲ್ಲಿ. ಅವನು ಮೂರು ವಾರ ನಮ್ಮ ಮನೆಯಲ್ಲಿದ್ದ. ರಜೆಯಲ್ಲಿ ಉಳಿಯಬಹುದಾ, ಉಳಿದರೆ ಊಟದ ಹಾಲು ತೆರೆದಿರುತ್ತದಾ, ದುಡ್ಡು ಎಷ್ಟು? ಈ ಮೂರನ್ನೂ ಬರೆದು ಕೇಳಿ, ಬರೆದೇ ಉತ್ತರ ತರಿಸಿಕೊಳ್ಳಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗ್ರಿನೆಲ್, ಕಾರ್ಲ್‌ಟನ್‌ನಲ್ಲಿ ಊಟ ವಸತಿ ಸೇರಿ ಬೋರ್ಡಿನ ಮೇಲಿನ ದರ ವರ್ಷಕ್ಕೆ 80,000 ಡಾಲರ್ ದಾಟಿದೆ. ಅಷ್ಟು ಪೂರ್ತಿ ಕಟ್ಟುವವರು ಕಮ್ಮಿ. ಈ ಎರಡೂ ಸೀಟು ಕೊಟ್ಟ ಮೇಲೆ ಮನೆಯ ಆದಾಯ ನೋಡಿ ಕೊರತೆ ತುಂಬಿಕೊಡುತ್ತವೆ. ಆದರೆ ಹೊರದೇಶದವರು ಸಹಾಯ ಕೇಳಿದರೆ ಸೀಟು ಸಿಗುವುದೇ ಕಷ್ಟವಾಗುತ್ತದೆ. ಉಳಿದವು ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುತ್ತವೆ. ಭಾವನಂಥ ಸಂಬಳದವರಿಗೆ ಇದು ಹೆಚ್ಚು ಲೆಕ್ಕಕ್ಕೆ ಸಿಗುವ ದಾರಿ. ಸ್ಟೂಡೆಂಟ್ ವೀಸಾದಲ್ಲಿ ಪಾಠ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದು ಕೈಖರ್ಚಿಗೆ ಸಾಕು, ಫೀಸಿಗಲ್ಲ.

ಕೊನೆಗೆ ನಾವು ಮಾಡಿದ್ದು

ಜನವರಿಯ ಆ ಸುತ್ತಿನಲ್ಲಿ ಮಗಳು ಒಂದು ಕೆಲಸ ಮಾಡಿದಳು. ಕ್ಯಾಂಪಸ್ ತೋರಿಸುವವರನ್ನು ಬಿಟ್ಟು, ಊಟದ ಹಾಲಿನಲ್ಲಿ ಸುಮ್ನೆ ಯಾರೋ ಒಬ್ಬರ ಎದುರು ಕೂತು, "ಕಳೆದ ಶನಿವಾರ ರಾತ್ರಿ ಎಂಟಕ್ಕೆ ಎಲ್ಲಿದ್ದೆ?" ಅಂತ ಕೇಳಿದಳು. ಆರೂ ಕಡೆ ಇದೇ ಪ್ರಶ್ನೆ. ಒಬ್ಬಳು ಲ್ಯಾಬಿನಲ್ಲಿದ್ದೆ ಅಂದಳು. ಇಬ್ಬರು ಪಾರ್ಟಿ ಅಂದರು. ಒಬ್ಬ ಹುಡುಗ ಬಟ್ಟೆ ಒಗೆಯುತ್ತಿದ್ದೆ, ಯಂತ್ರ ತಿರುಗುವಾಗ ಅಲ್ಲೇ ನಾಲ್ಕು ಜನ ಇಸ್ಪೀಟು ಶುರು ಮಾಡಿದೆವು, ಬಟ್ಟೆ ಬೆಳಿಗ್ಗೆವರೆಗೂ ಒಳಗೇ ಇತ್ತು ಅಂದ. ಅದು ಮೌಂಟ್ ವರ್ನನ್‌ನಲ್ಲಿ. ಫೋನಿನಲ್ಲಿ ಕೇಳುತ್ತಿದ್ದ ಅಳಿಯ, "ಮಾಮ, ಇದು ನಂಗೆ ಸರಿ" ಅಂದ. ಒಂದು ವಿಷಯ ಹಿಡಿದರೆ ಅದರಲ್ಲೇ ಮುಳುಗುವ ಹುಡುಗ ಅವನು. ಚಿಕ್ಕಂದಿನಲ್ಲಿ ಹದಿನೈದು ದಿನ ಬರೀ ಡೈನೋಸಾರ್, ಆಮೇಲೆ ಹದಿನೈದು ದಿನ ಬರೀ ರೈಲು. ನನ್ನ ಗಣಿತದ ತಕರಾರನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಗಳು ವಯಲಿನ್ ಹೊತ್ತುಕೊಂಡು ಆಪಲ್ಟನ್‌ಗೆ ಹೋದಳು. ಕುಕೀ ಮನೆಯ ನೆನಪು ಇನ್ನೂ ಹೋಗಿಲ್ಲ, ಆಗಾಗ ಹೇಳುತ್ತಾಳೆ.

ಭಾವ ಹಾಸನದಲ್ಲಿ ಎಲ್ಲರಿಗೂ "ನಮ್ಮ ಹುಡುಗ ಕಾರ್ನೆಲ್‌ನಲ್ಲಿದ್ದಾನೆ" ಅನ್ನುತ್ತಾರಂತೆ. ಯಾವ ಕಾರ್ನೆಲ್ ಅಂತ ಇದುವರೆಗೆ ಯಾರೂ ಕೇಳಿಲ್ಲ. ಅವರೂ ಬಿಡಿಸಿ ಹೇಳಲು ಹೋಗಿಲ್ಲ.